ಸಂಘನಾಯಕ ಬುಸುವಿಸೆಟ್ಟಿ

ಶ್ರೀ ವೀತರಾಗಾಯ ನಮಃ

ದಶಲಕ್ಷಣ ಮಹಾಪರ್ವದ ಹತ್ತು ದಿವಸಗಳಲ್ಲಿ ಆರನೆಯದು ಭಾದ್ರಪದ ಶುಕ್ಲ ದಶಮಿ. ಉತ್ತಮ ಕ್ಷಮೆಯಿಂದ ತೊಡಗಿ ಮಾರ್ದವ, ಆರ್ಜವ, ಶೌಚ, ಸತ್ಯ ಧರ್ಮಗಳನ್ನು ಕ್ರಮವಾಗಿ ಆರಾಧಿಸಿದ ಶ್ರಾವಕನು ಆ ದಿವಸ ಉತ್ತಮ ಸಂಯಮವನ್ನು ಚಿಂತಿಸುತ್ತಾನೆ. ಸುಗಂಧ ದಶಮಿಯ ವ್ರತವೂ ಅದೇ ತಿಥಿಗೆ ಕೂಡಿ ಬರುವುದರಿಂದ ಬಸದಿಗಳಲ್ಲಿ ಧೂಪಾರ್ಚನೆ ನಡೆಯುತ್ತದೆ. ವ್ರತಧಾರಿಗಳಾದ ಗೃಹಿಣಿಯರು ಉಪವಾಸದಿಂದಿದ್ದು ಕಥಾಶ್ರವಣ ಮಾಡುತ್ತಾರೆ. ಕರ್ನಾಟಕದ ಜೈನ ಸಮಾಜಕ್ಕೆ ಈ ದಶಮಿಯಲ್ಲಿ ಇನ್ನೊಂದು ಸ್ಮರಣೀಯ ಸಂಗತಿಯೂ ಅಡಗಿದೆ. ಶಾಲಿವಾಹನ ಶಕ 1290ನೆಯ ಕೀಲಕ ಸಂವತ್ಸರದ ಭಾದ್ರಪದ ಶುಕ್ಲ ದಶಮಿ ಗುರುವಾರದಂದು, ಅಂದರೆ ಕ್ರಿ.ಶ. 1368ರಲ್ಲಿ, ವಿಜಯನಗರದ ವೀರ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು ತೀರಿಸಿ, ಆ ತೀರ್ಪನ್ನು ಶಿಲೆಯಲ್ಲಿ ನಿಲ್ಲಿಸಿದನು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಆ ಶಾಸನವನ್ನು ಯಾತ್ರಿಕರಲ್ಲಿ ಅನೇಕರು ನೋಡಿರುತ್ತಾರೆ. ಬುಕ್ಕರಾಯನ ಹೆಸರನ್ನು ಎಲ್ಲರೂ ಬಲ್ಲರು. ಆ ಶಾಸನದ ಕಡೆಯ ಪಂಕ್ತಿಗಳಲ್ಲಿ ಬರುವ ಒಬ್ಬ ಶ್ರಾವಕನ ಹೆಸರನ್ನು ಮಾತ್ರ ಓದಿಯೂ ಮರೆಯುವವರೇ ಹೆಚ್ಚು. ಆತನೇ ಕಲ್ಲೆಹದ ಹರ್ವಿಸೆಟ್ಟಿಯ ಸುಪುತ್ರನಾದ ಬುಸುವಿಸೆಟ್ಟಿ.

ಕಲ್ಲೆಹದ ಪಟ್ಟಣ

ಶಾಸನದ ಕಲ್ಲೆಹವೇ ಇಂದಿನ ಕಲ್ಯ. ಇದು ಮಾಗಡಿ ತಾಲ್ಲೂಕಿನಲ್ಲಿ, ಮಾಗಡಿ ಪಟ್ಟಣಕ್ಕೆ ಸಮೀಪದಲ್ಲಿ, ಕಲ್ಲುಬೆಟ್ಟದ ಆಶ್ರಯದಲ್ಲಿರುವ ಗ್ರಾಮ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಪ್ರತ್ಯೇಕ ಜಿಲ್ಲೆಯನ್ನು ರಚಿಸಿದಾಗ ಈ ಊರು ಅದರೊಳಗೆ ಸೇರಿತು. ಈ ಸೀಮೆಯನ್ನು ರೇಷ್ಮೆಗೂ ಬಣ್ಣದ ಗೊಂಬೆಗಳಿಗೂ ಬಂಡೆಗಲ್ಲಿನ ಬೆಟ್ಟಗಳಿಗೂ ಹೆಸರಾದ ನಾಡೆಂದು ಜನರು ಅರಿತಿರುವರಲ್ಲದೆ ಜಿನಧರ್ಮದ ನೆಲೆಯೆಂದು ಸಾಮಾನ್ಯವಾಗಿ ಭಾವಿಸುವುದಿಲ್ಲ. ಆದರೆ ಜಿನಧರ್ಮಕ್ಕೆ ಆಶ್ರಯವಿತ್ತ ಗಂಗ ಅರಸರಿಗೆ ಏಳನೆಯ ಶತಮಾನದಲ್ಲಿ ಚನ್ನಪಟ್ಟಣದ ಬಳಿಯ ಮಂಕುಂದವು ರಾಜನಿವಾಸವಾಗಿತ್ತು. ಆ ಗಂಗರ ಮಂತ್ರಿಯಾದ ಚಾವುಂಡರಾಯನೇ ಮುಂದೆ ಹತ್ತನೆಯ ಶತಮಾನದಲ್ಲಿ ವಿಂಧ್ಯಗಿರಿಯ ಮೇಲೆ ಗೊಮ್ಮಟಸ್ವಾಮಿಯನ್ನು ನಿಲ್ಲಿಸಿದನು. ಹೀಗೆ ಈ ಪ್ರದೇಶದ ಮಣ್ಣಿನಲ್ಲಿ ಜಿನಧರ್ಮದ ಬೇರುಗಳು ಬಹು ಆಳಕ್ಕೆ ಹೋಗಿವೆ.

ಹದಿನಾಲ್ಕನೆಯ ಶತಮಾನದಲ್ಲಿ ಕಲ್ಲೆಹವು ಬರಿಯ ಹಳ್ಳಿಯಾಗಿರಲಿಲ್ಲ. ಶಾಸನವು ಅದನ್ನು ಪಟ್ಟಣವೆಂದು ಕರೆದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳೊಡನೆ ಒಂದೇ ಸಾಲಿನಲ್ಲಿ ಎಣಿಸಿದೆ. ಆ ಕಾಲದ ರಾಜ್ಯದಲ್ಲಿ ಭವ್ಯಜನರು ನೆಲೆಸಿದ್ದ ಮುಖ್ಯ ಸ್ಥಾನಗಳಲ್ಲಿ ಅದೂ ಒಂದಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ. ಅನ್ಯಮತೀಯರಿಗೂ ಅದು ಪುಣ್ಯಸ್ಥಳವೇ. ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನು ಇಲ್ಲಿಯೇ ಐಕ್ಯನಾದನೆಂಬ ಪ್ರತೀತಿ ಉಂಟು. ಹಲವು ದರ್ಶನಗಳವರು ಒಂದೇ ಸಂತೆಯಲ್ಲಿ ಕೊಡುಕೊಳ್ಳುತ್ತ, ಒಂದೇ ಕೆರೆಯ ನೀರು ಕುಡಿಯುತ್ತ ಬಾಳಬೇಕಾದಂತಹ ಊರು ಅದು. ಬುಸುವಿಸೆಟ್ಟಿಯ ಹೆಸರೂ ಆತನ ತಂದೆಯ ಹೆಸರೂ ಸೆಟ್ಟಿ ಎಂದು ಮುಗಿಯುತ್ತವೆ. ಅದು ವರ್ತಕ ಕುಲದ ಗುರುತು. ನಾಲ್ಕು ಮತದವರೊಡನೆ ದಿನವೂ ವ್ಯವಹರಿಸುವ ವರ್ತಕನಿಗೆ ಜಗಳದಿಂದಾಗುವ ನಷ್ಟವೂ ಗೊತ್ತು, ಮಾತುಕತೆಯಿಂದಾಗುವ ಲಾಭವೂ ಗೊತ್ತು.

ಬುಕ್ಕರಾಯನ ಕಾಲ

ಸಂಗಮನ ಮಕ್ಕಳಾದ ಹರಿಹರ, ಬುಕ್ಕ ಮೊದಲಾದ ಐವರು ಸಹೋದರರು ತುಂಗಭದ್ರಾ ತೀರದಲ್ಲಿ ಹೊಸ ರಾಜ್ಯವನ್ನು ಕಟ್ಟಿದರು. 1336ರಲ್ಲಿ ವಿಜಯನಗರದ ಸ್ಥಾಪನೆಯಾಯಿತೆಂಬುದು ರೂಢಿಯ ಗಣನೆ. ಹರಿಹರನ ತರುವಾಯ 1356ರ ಸುಮಾರಿಗೆ ಪಟ್ಟಕ್ಕೆ ಬಂದ ಬುಕ್ಕರಾಯನು 1377ರವರೆಗೆ ಆಳಿದನು. ಆತನ ಆಳ್ವಿಕೆಯಲ್ಲಿ ಯುದ್ಧಗಳಿಗೆ ಬಿಡುವಿರಲಿಲ್ಲ. 1368ಕ್ಕೆ ಹಿಂದಿನ ಎರಡು ಮೂರು ವರ್ಷಗಳಲ್ಲಿ ಬಹಮನಿ ಸುಲ್ತಾನನಾದ ಒಂದನೆಯ ಮಹಮ್ಮದ್ ಷಾನೊಡನೆ ಘೋರವಾದ ಕಾಳಗಗಳು ನಡೆದು ಅಪಾರ ಜನಹಾನಿಯಾಗಿತ್ತು. ದಕ್ಷಿಣದಲ್ಲಿ ಆತನ ಮಗ ಕಂಪಣನು ಮಧುರೆಯ ಕಡೆಗೆ ದಂಡೆತ್ತಿ ಹೋಗುತ್ತಿದ್ದನು. ಇಂತಹ ಹೊತ್ತಿನಲ್ಲಿ ರಾಜ್ಯದೊಳಗಣ ಪ್ರಜೆಗಳು ಮತದ ಕಾರಣದಿಂದ ಕಾದಾಡಿದರೆ ಹೊಸ ರಾಜ್ಯದ ಬುಡವೇ ಸಡಿಲಗೊಳ್ಳುತ್ತಿತ್ತು.

ಜೈನರ ಸ್ಥಿತಿಯೂ ಆಗ ಹಿಂದಿನಂತೆ ಇರಲಿಲ್ಲ. ಗಂಗರು, ರಾಷ್ಟ್ರಕೂಟರು, ಹೊಯ್ಸಳರು ಇತ್ತ ಆಶ್ರಯವು ಇಲ್ಲವಾಗಿತ್ತು. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾದ ಹುಳ್ಳರಾಜನು 1159ರಲ್ಲಿ ಬೆಳಗೊಳದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದಾಗ ಇದ್ದ ವೈಭವವು ಇನ್ನೂರು ವರ್ಷಗಳಲ್ಲಿ ಕುಂದಿತ್ತು. ಅನೇಕ ಜಿನಾಲಯಗಳು ಗಾರೆ ಕಳಚಿ, ನೀರು ಸೋರಿ ಜೀರ್ಣವಾಗಿದ್ದವು. ಬಸದಿಗಳ ಭೂಮಿಯ ಮೇಲೂ ವ್ಯಾಜ್ಯಗಳು ಹುಟ್ಟುತ್ತಿದ್ದವು. ತೀರ್ಥಹಳ್ಳಿಯ ಸೀಮೆಯಲ್ಲಿ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಎಲ್ಲೆಯ ವಿವಾದವನ್ನು 1363ರ ಸುಮಾರಿಗೆ ಆರಗದ ಚಾವಡಿಯಲ್ಲಿ ವಿಚಾರಿಸಿ ಹಳೆಯ ಮರ್ಯಾದೆಯಂತೆ ತೀರಿಸಲಾಗಿತ್ತು.

ಐದು ವರ್ಷಗಳ ಅನಂತರ ಎದ್ದ ವಿವಾದವು ಒಂದು ಬಸದಿಯ ಎಲ್ಲೆಯದಲ್ಲ, ಇಡೀ ಸಮಾಜದ ಮಾನದ್ದು. ಪಂಚಮಹಾವಾದ್ಯಗಳನ್ನು ನುಡಿಸುವ ಮತ್ತು ಕಳಶವನ್ನು ಧರಿಸುವ ಹಕ್ಕು ಪೂರ್ವದಿಂದ ಜೈನ ದರ್ಶನಕ್ಕೂ ಇದ್ದಿತು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಈ ಐದನ್ನು ಎಣಿಸುವ ವಾಡಿಕೆ. ಇಂದಿನವರಿಗೆ ವಾದ್ಯದ ವಿಷಯವು ಅಲ್ಪವೆಂದು ತೋರಬಹುದು. ಆದರೆ ಅಂದು ವಾದ್ಯವಿಲ್ಲದ ಉತ್ಸವವೆಂದರೆ ಬೀದಿಯಲ್ಲಿ ತಲೆತಗ್ಗಿಸಿ ನಡೆಯುವ ಉತ್ಸವ. ಕಳಶವಿಲ್ಲದ ಧರ್ಮವೆಂದರೆ ರಾಜ್ಯದಲ್ಲಿ ಸ್ಥಾನವಿಲ್ಲದ ಧರ್ಮ. ಈ ಹಕ್ಕಿಗೆ ಭಕ್ತರೆಂದು ಶಾಸನವು ಕರೆಯುವ ಶ್ರೀವೈಷ್ಣವರ ಕಡೆಯಿಂದ ಅಡ್ಡಿಯುಂಟಾಯಿತು. ಬೇರೆ ಅನ್ಯಾಯಗಳೂ ನಡೆದವು.

ಗೋಳಾಡುವುದು ಮತ್ತು ಕಾರ್ಯ ಮಾಡುವುದು

ಇಂತಹ ಸಂಕಟದಲ್ಲಿ ಮನುಷ್ಯನ ಮನಸ್ಸು ಸಹಜವಾಗಿ ಹರಿಯುವ ದಾರಿ ಯಾವುದೆಂಬುದನ್ನು ಆಗಮಗಳು ಸ್ಪಷ್ಟವಾಗಿ ತಿಳಿಸಿವೆ. ಬೇಡವಾದುದು ಬಂದು ಸೇರಿತೆಂದು ಕೊರಗುವುದು, ಬೇಕಾದುದು ಕೈತಪ್ಪಿತೆಂದು ಮರುಗುವುದು, ವೇದನೆಯನ್ನೇ ನೆನೆನೆನೆದು ನರಳುವುದು, ಮುಂದಿನ ಭೋಗಕ್ಕೆ ಹಾತೊರೆಯುವುದು, ಹೀಗೆ ಆರ್ತಧ್ಯಾನವು ನಾಲ್ಕು ವಿಧ. ಅದು ತಿರ್ಯಗ್ಗತಿಗೆ ಕಾರಣ. ಕಾಲ ಕೆಟ್ಟಿತು, ಅರಸರು ನಮ್ಮವರಲ್ಲ, ಬಸದಿಗಳು ಬಿದ್ದುಹೋಗುತ್ತಿವೆ ಎಂದು ಜಗಲಿಯ ಮೇಲೆ ಕುಳಿತು ಹೇಳಿಕೊಳ್ಳುವುದು ಧರ್ಮಾಭಿಮಾನದಂತೆ ಕಂಡರೂ ಒಳಗಿನಿಂದ ಆರ್ತಧ್ಯಾನವೇ ಆಗಿರುತ್ತದೆ. ಧರ್ಮಧ್ಯಾನದಲ್ಲಿ ಅಪಾಯವಿಚಯವೆಂಬ ಭೇದವುಂಟು. ಜೀವರಿಗೆ ಒದಗಿದ ಕೇಡು ಹೇಗೆ ದೂರವಾದೀತೆಂದು ಚಿಂತಿಸುವುದೇ ಅದರ ಲಕ್ಷಣ. ಕೇಡೂ ಅದೇ, ಚಿಂತಿಸುವವನೂ ಅವನೇ. ಒಂದು ಚಿಂತನೆಯು ಕರ್ಮವನ್ನು ಕಟ್ಟುತ್ತದೆ, ಇನ್ನೊಂದು ದಾರಿಯನ್ನು ತೋರುತ್ತದೆ.

ಬುಸುವಿಸೆಟ್ಟಿಯು ಎರಡನೆಯ ದಾರಿಯನ್ನು ಹಿಡಿದನು. ಶಾಸನವು ಆತನ ಐಶ್ವರ್ಯವನ್ನು ಹೊಗಳುವುದಿಲ್ಲ. ರೂಪ, ಕುಲ, ಬಿರುದುಗಳನ್ನು ವರ್ಣಿಸುವುದಿಲ್ಲ. ಆತನು ಮಾಡಿದ ಮೂರು ಕಾರ್ಯಗಳನ್ನಷ್ಟೇ ಹೇಳಿ ಮುಗಿಸುತ್ತದೆ. ಬುಕ್ಕರಾಯನಿಗೆ ಬಿನ್ನಹ ಮಾಡಿದನು. ತಿರುಮಲೆಯ ತಾತಯ್ಯನವರನ್ನು ಗೌರವದಿಂದ ಬರಮಾಡಿಸಿಕೊಂಡನು. ಜೀರ್ಣೋದ್ಧಾರವನ್ನು ಮಾಡಿಸಿದನು. ಒಬ್ಬ ಗೃಹಸ್ಥನ ಆಯುಷ್ಯವೆಲ್ಲ ಈ ಮೂರು ಕ್ರಿಯಾಪದಗಳಲ್ಲಿ ಶಿಲೆಯ ಮೇಲೆ ಉಳಿದಿದೆ. ಅವುಗಳನ್ನು ಒಂದೊಂದಾಗಿ ವಿಚಾರಿಸುವುದು ಉಚಿತ.

ಮೊದಲನೆಯದು ಬಿನ್ನಹ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣಗಳೇ ಮೊದಲಾದ ಸಮಸ್ತ ನಾಡಿನ ಭವ್ಯಜನರು ಒಟ್ಟಾಗಿ ಅರಸನಲ್ಲಿ ಮೊರೆಯಿಟ್ಟರು. ಮಾಗಡಿಯ ಸೀಮೆಗೂ ತುಂಗಭದ್ರೆಯ ದಡಕ್ಕೂ ಪೆನುಗೊಂಡೆಗೂ ನಡುವೆ ಅನೇಕ ದಿವಸಗಳ ಪಯಣವಿದೆ. ಅಷ್ಟು ದೂರದ ಊರುಗಳವರು ಒಂದೇ ಮಾತನ್ನು ಒಂದೇ ಕಂಠದಿಂದ ಹೇಳಬೇಕಾದರೆ ಮೊದಲು ತಮ್ಮ ತಮ್ಮಲ್ಲಿ ಐಕಮತ್ಯವನ್ನು ಸಾಧಿಸಿಕೊಂಡಿರಬೇಕು. ಬಿನ್ನಹಕ್ಕೂ ಗೊಣಗಾಟಕ್ಕೂ ಇರುವ ಅಂತರವು ಇದೇ. ಪರಿಹರಿಸಲು ಶಕ್ತಿಯಿಲ್ಲದವರ ಮುಂದೆ ಹೇಳುವುದು ಗೊಣಗಾಟ. ಪರಿಹರಿಸಬಲ್ಲವನ ಮುಂದೆ, ಸಪ್ರಮಾಣವಾಗಿ, ಬೇಕಾದುದೇನೆಂಬುದನ್ನು ಹೇಳಿ ಕೇಳುವುದು ಬಿನ್ನಹ. ಇಲ್ಲಿ ಭವ್ಯಜನರು ಹೊಸ ಹಕ್ಕನ್ನು ಬೇಡಲಿಲ್ಲ, ಎದುರಾಳಿಗಳಿಗೆ ದಂಡನೆಯನ್ನೂ ಬೇಡಲಿಲ್ಲ. ಪೂರ್ವಮರ್ಯಾದೆಯು ನಡೆಯಬೇಕೆಂಬುದೇ ಅವರ ಕೋರಿಕೆಯ ತಿರುಳಾಗಿತ್ತೆಂಬುದು ತೀರ್ಪಿನಿಂದ ವ್ಯಕ್ತವಾಗುತ್ತದೆ.

ಕೈಯೊಳಗೆ ಕೈ

ಬುಕ್ಕರಾಯನು ಕೈಗೊಂಡ ಕ್ರಮವು ಲೋಕಪ್ರಸಿದ್ಧವಾಗಿದೆ. ಆತನು ವೈದಿಕ ಮತಾನುಯಾಯಿ. ಆತನ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಭಾಷ್ಯಗಳ ಕಾರ್ಯವನ್ನು ನಡೆಸಿದರು. ಆತನ ಸೇವೆಯಲ್ಲಿ ಬೈಚಪ್ಪನಂತಹ ಜೈನ ದಂಡನಾಯಕನೂ ಇದ್ದನು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಎಂಬ ನಾಲ್ಕು ಮುಖ್ಯ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡನು. ಅವರಲ್ಲಿ ಆಚಾರ್ಯರಿಂದ ಹಿಡಿದು ದೇವಾಲಯದಲ್ಲಿ ನೀರು ತರುವ ಪರಿಚಾರಕರವರೆಗೆ, ಬೋವರವರೆಗೆ, ತಿರುಕುಲ ಜಾಂಬವಕುಲದವರವರೆಗೆ ಎಲ್ಲರೂ ಇದ್ದರು. ಊರಿನ ಬೀದಿಯಲ್ಲಿ ಜಗಳವಾಡುವವರು ಕೇವಲ ಪಂಡಿತರಲ್ಲ. ಆದಕಾರಣ ಒಪ್ಪಂದಕ್ಕೂ ಕೇವಲ ಪಂಡಿತರು ಸಾಲದೆಂದು ಅರಸನು ಬಲ್ಲನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇತ್ತನು. ಪಂಚಮಹಾವಾದ್ಯಗಳೂ ಕಳಶವೂ ಹಿಂದಿನಂತೆ ಜೈನ ದರ್ಶನಕ್ಕೆ ಸಲ್ಲತಕ್ಕವೆಂದು ವಿಧಿಸಿದನು. ಜೈನ ದರ್ಶನಕ್ಕೆ ಒದಗುವ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮ ಹಾನಿ ವೃದ್ಧಿಗಳೆಂದೇ ಎಣಿಸಬೇಕು. ರಾಜ್ಯದ ಎಲ್ಲ ಬಸದಿಗಳಲ್ಲಿಯೂ ಈ ಕಟ್ಟಳೆಯ ಶಾಸನವನ್ನು ಶ್ರೀವೈಷ್ಣವರೇ ನೆಡಬೇಕು. ಸೂರ್ಯಚಂದ್ರರು ಇರುವವರೆಗೂ ಅವರು ಜೈನ ದರ್ಶನವನ್ನು ಕಾಪಾಡಿಕೊಂಡು ಬರಬೇಕು.

ಇಷ್ಟರಿಂದಲೇ ಸಂತುಷ್ಟರಾಗಿ ಮನೆಗೆ ಮರಳಿದ್ದರೆ ಭವ್ಯಜನರಿಗೆ ಗೆಲವು ದೊರೆತಂತೆ ಆಗುತ್ತಿತ್ತು, ರಕ್ಷಣೆಯು ದೊರೆಯುತ್ತಿರಲಿಲ್ಲ. ಅರಸನ ಆಜ್ಞೆಯು ಶಿಲೆಯ ಮೇಲೆ ಇರುತ್ತದೆ. ಅರಸನು ದೂರದಲ್ಲಿ ಇರುತ್ತಾನೆ. ಬಸದಿಯ ಬಾಗಿಲಲ್ಲಿ ರಾತ್ರಿ ಕಾವಲಿರುವವರು ಯಾರು? ಸೋರುವ ಮಾಳಿಗೆಗೆ ಗಾರೆ ಹಾಕುವವರು ಯಾರು? ಬುಸುವಿಸೆಟ್ಟಿಯ ಎರಡನೆಯ ಮತ್ತು ಮೂರನೆಯ ಕಾರ್ಯಗಳು ಈ ಪ್ರಶ್ನೆಗಳಿಗೆ ಉತ್ತರವಾಗಿವೆ.

ಮನೆಗೊಂದು ಹಣ

ತಿರುಮಲೆಯ ತಾತಯ್ಯನವರು ಶ್ರೀವೈಷ್ಣವರಲ್ಲಿ ಪೂಜ್ಯರು. ಯಾವ ಪಕ್ಷದ ಮೇಲೆ ದೂರು ಹೇಳಲಾಗಿತ್ತೋ ಆ ಪಕ್ಷದ ಹಿರಿಯರನ್ನೇ ಬುಸುವಿಸೆಟ್ಟಿಯು ಬರಮಾಡಿಕೊಂಡು, ಕಾರ್ಯದ ಹೊಣೆಯಲ್ಲಿ ಪಾಲುಗೊಳ್ಳುವಂತೆ ಮಾಡಿದನು. ಸಮಸ್ತ ರಾಜ್ಯದ ಭವ್ಯಜನರ ಅನುಮತಿಯನ್ನು ಪಡೆದು ತಾತಯ್ಯನವರು ಒಂದು ವ್ಯವಸ್ಥೆಯನ್ನು ನಿಯಮಿಸಿದರು. ಆ ವ್ಯವಸ್ಥೆಯು ಹೀಗಿದೆ: ರಾಜ್ಯದಲ್ಲಿರುವ ಜೈನರು ಬಾಗಿಲ ಲೆಕ್ಕದಲ್ಲಿ, ಮನೆಯೊಂದಕ್ಕೆ ವರ್ಷಕ್ಕೆ 1 ಹಣವನ್ನು ಕೊಡತಕ್ಕುದು. ಹಾಗೆ ಕೂಡಿದ ಹೊನ್ನಿನಿಂದ ಬೆಳಗೊಳದ ತೀರ್ಥದಲ್ಲಿ ದೇವರ ಅಂಗರಕ್ಷೆಗೆ 20 ಮಂದಿ ಆಳುಗಳನ್ನು ನೇಮಿಸತಕ್ಕುದು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಗಾರೆ ಮಾಡಿಸತಕ್ಕುದು. ವರ್ಷವರ್ಷವೂ ತಪ್ಪದೆ ಇದು ನಡೆಯತಕ್ಕುದು.

ಈ ನಾಲ್ಕು ಮಾತುಗಳಲ್ಲಿ ಅಡಗಿರುವ ವಿವೇಕವನ್ನು ನಿಧಾನವಾಗಿ ಪರಿಶೀಲಿಸಬೇಕು. ಮೊದಲನೆಯದಾಗಿ, ಹಣವನ್ನು ಅರಸನ ಬೊಕ್ಕಸದಿಂದ ಬೇಡಲಿಲ್ಲ. ಅರಸನ ದತ್ತಿಯು ಅರಸನೊಡನೆ ಹೋಗಬಹುದು. ಮನೆಮನೆಯ ಕಾಣಿಕೆಯು ಮನೆಗಳಿರುವವರೆಗೂ ಉಳಿಯುತ್ತದೆ. ಎರಡನೆಯದಾಗಿ, ಕಾಣಿಕೆಯ ಮೊತ್ತವು ಅಲ್ಪ. ಹತ್ತು ಹಣಕ್ಕೆ ಒಂದು ವರಹವಾಗುತ್ತಿದ್ದ ಆ ಕಾಲದಲ್ಲಿ ವರ್ಷಕ್ಕೆ ಒಂದು ಹಣವೆಂದರೆ ಬಡ ಶ್ರಾವಕನೂ ಕಷ್ಟಪಟ್ಟಾದರೂ ಕೊಡಬಹುದಾದ ಮೊತ್ತವೇ. ಶ್ರೀಮಂತನು ಒಬ್ಬನೇ ನೂರು ವರಹ ಕೊಟ್ಟು ಕೀರ್ತಿ ಪಡೆಯುವುದಕ್ಕಿಂತ, ನೂರಾರು ಮನೆಗಳವರು ಒಂದೊಂದು ಹಣ ಕೊಟ್ಟು ಬಸದಿಯು ತಮ್ಮದೆಂದು ತಿಳಿಯುವುದು ಸಂಘಕ್ಕೆ ಬಲ. ಮೂರನೆಯದಾಗಿ, ಕಾವಲಿನವರು ವೈಷ್ಣವರು. ಯಾರ ದೆಸೆಯಿಂದ ಕೇಡಾಗುವುದೆಂದು ಭಯವಿತ್ತೋ ಅವರ ಕೈಗೇ ರಕ್ಷಣೆಯನ್ನು ಒಪ್ಪಿಸಿದಾಗ ಹಗೆಯು ನೆಲೆಯಿಲ್ಲದಂತಾಗುತ್ತದೆ. ನಾಲ್ಕನೆಯದಾಗಿ, ಕಾವಲಿಗೆ ಸಂದು ಮಿಕ್ಕ ಹಣವನ್ನು ಉತ್ಸವಕ್ಕೂ ಊಟಕ್ಕೂ ವಿನಿಯೋಗಿಸದೆ ಮೊಟ್ಟಮೊದಲು ಹಾಳಾದ ಗೋಡೆಗಳಿಗೆ ಸುಣ್ಣವನ್ನು ವಿಧಿಸಲಾಗಿದೆ.

ಭವ್ಯಜನರ ಅನುಮತಿಯನ್ನು ಪಡೆಯುವುದೂ ಸುಲಭವಾದ ಕಾರ್ಯವಲ್ಲ. ಅನ್ಯಾಯಕ್ಕೆ ಒಳಗಾದವರು ನಾವು, ಹಣವನ್ನೂ ನಾವೇ ಏಕೆ ತೆರಬೇಕು ಎಂಬ ಪ್ರಶ್ನೆಯು ಯಾವ ಕಾಲದಲ್ಲಿಯಾದರೂ ಏಳತಕ್ಕದ್ದೇ. ಅಂತಹ ಪ್ರಶ್ನೆಯಲ್ಲಿ ನ್ಯಾಯವೂ ಉಂಟು. ಆದರೆ ಆ ನ್ಯಾಯವನ್ನೇ ಹಿಡಿದು ಕುಳಿತಿದ್ದರೆ ಬೆಳಗೊಳಕ್ಕೆ ಕಾವಲೂ ಬರುತ್ತಿರಲಿಲ್ಲ, ಬಸದಿಗಳಿಗೆ ಸುಣ್ಣವೂ ಬರುತ್ತಿರಲಿಲ್ಲ. ತಮ್ಮ ಕಡೆಯಿಂದ ಆಗಬೇಕಾದುದನ್ನು ತಾವು ಮೊದಲು ಮಾಡಿ, ಅನಂತರ ಇತರರ ಕರ್ತವ್ಯವನ್ನು ನೆನಪಿಸಿದ್ದರಿಂದಲೇ ಆ ಸಮಾಜದ ಮಾತಿಗೆ ತೂಕ ಬಂದಿತು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿಯೂ ಸಂಘದ್ರೋಹಿಯೂ ಆಗುವನೆಂದು ಶಾಸನವು ಎಚ್ಚರಿಸುತ್ತದೆ. ತಪಸ್ವಿಯಾಗಲಿ ಊರ ಮುಖ್ಯಸ್ಥನಾಗಲಿ ಈ ಧರ್ಮವನ್ನು ಕೆಡಿಸಿದವನಿಗೆ ಪಾಪವು ಒಂದೇ ಸಮನೆಂದು ಸಾರುತ್ತದೆ.

ಎರಡು ಸಮಯಗಳು ಕಟ್ಟಿದ ಪಟ್ಟ

ಹೀಗೆ ಜೀರ್ಣೋದ್ಧಾರವು ನಡೆದ ಮೇಲೆ ಜೈನ ವೈಷ್ಣವ ಎಂಬ ಎರಡು ಸಮಯಗಳವರೂ ಕೂಡಿ ಬುಸುವಿಸೆಟ್ಟಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು. ಇದು ಆತನ ಜೀವನದ ಶಿಖರ. ಸ್ವಜನರು ಬಿರುದು ಕೊಡುವುದು ಲೋಕದಲ್ಲಿ ಉಂಟು. ಅರಸನು ಬಿರುದು ಕೊಡುವುದೂ ಉಂಟು. ವಾದದಲ್ಲಿ ಎದುರು ನಿಂತವರು ಕೂಡ ಸೇರಿ ಒಬ್ಬ ಶ್ರಾವಕನ ಹಣೆಗೆ ಪಟ್ಟ ಕಟ್ಟುವುದು ಅತಿ ವಿರಳ. ಆತನು ಗೆದ್ದನೆಂದು ಅವರು ಸೋಲಲಿಲ್ಲ. ಎಲ್ಲರ ಕಾರ್ಯವೂ ನೆರವೇರಿತೆಂಬುದಕ್ಕೆ ಆ ಪಟ್ಟವೇ ಸಾಕ್ಷಿ.

ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಕಡೆಯ ನಾಲ್ಕು, ಅಂದರೆ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ, ಪ್ರಭಾವನೆಗಳು, ಇತರರ ಸಂಬಂಧದಲ್ಲಿ ನಡೆಯತಕ್ಕವು. ಸಂಘದ ಕುಂದುಗಳನ್ನು ಬೀದಿಯಲ್ಲಿ ಹರಡದಿರುವುದು ಉಪಗೂಹನ. ಧರ್ಮದಿಂದ ಜಾರುವವರನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಸಹಧರ್ಮಿಗಳಲ್ಲಿ ಕರುವಿನ ಮೇಲೆ ಹಸುವಿಗಿರುವಂತಹ ಪ್ರೀತಿಯೇ ವಾತ್ಸಲ್ಯ. ಜಿನಶಾಸನದ ಮಹಿಮೆಯನ್ನು ಅಜ್ಞಾನದ ಕತ್ತಲೆಯಲ್ಲಿ ಬೆಳಗಿಸುವುದು ಪ್ರಭಾವನೆ. ಈ ನಾಲ್ಕಕ್ಕೂ ಬಾಯಿಗಿಂತ ಕೈ ಹೆಚ್ಚು ಬೇಕು. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿಗಳು ಹಾಳಾಗುವುವೆಂದು ಮರುಗುವವರು ಆಗಲೂ ಇದ್ದಿರಬೇಕು. ಕಾವ್ಯವನ್ನು ಉಳಿಸಿದ್ದು ಆಕೆಯು ನೇಮಿಸಿದ ಲಿಪಿಕಾರರ ಕಂಠ. ಬುಸುವಿಸೆಟ್ಟಿಯು ಅದೇ ಪರಂಪರೆಗೆ ಸೇರಿದವನು.

ಬುಕ್ಕರಾಯನು 1377ರಲ್ಲಿ ಕಾಲವಾದನು. ಆದರೆ ಆ ದಶಮಿಯ ಒಪ್ಪಂದದ ಫಲವು ಆತನೊಡನೆ ಮುಗಿಯಲಿಲ್ಲ. ಬೈಚಪ್ಪನ ಮಗನಾದ ಇರುಗಪ್ಪ ದಂಡನಾಥನು ಎರಡನೆಯ ಹರಿಹರನ ಕಾಲದಲ್ಲಿ, 1385-86ರಲ್ಲಿ, ರಾಜಧಾನಿಯಲ್ಲಿಯೇ ಕುಂಥುನಾಥ ಚೈತ್ಯಾಲಯವನ್ನು ಕಟ್ಟಿಸಿದನು. ಹಂಪೆಯಲ್ಲಿ ಗಾಣಿಗಿತ್ತಿ ಗುಡಿಯೆಂದು ಕರೆಯುವುದು ಅದನ್ನೇ. ಇಮ್ಮಡಿ ದೇವರಾಯನು 1426ರಲ್ಲಿ ಅದೇ ನಗರದಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದನು. 1638ರಲ್ಲಿ ಹಳೆಯಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ವಿಷಯದಲ್ಲಿ ವೀರಶೈವರಿಗೂ ಜೈನರಿಗೂ ವಿವಾದವುಂಟಾದಾಗ ಎರಡು ಕಡೆಯ ಹಿರಿಯರು ಕೂಡಿ ಕುಳಿತು, ಪರಸ್ಪರ ಗೌರವದ ಕಟ್ಟಳೆಯನ್ನು ಮಾಡಿ ಶಿಲೆಯಲ್ಲಿ ಬರೆಯಿಸಿದರು. ಕೂಡಿ ಕುಳಿತು ತೀರಿಸಿಕೊಳ್ಳುವ ಪದ್ಧತಿಯು ಈ ನಾಡಿನಲ್ಲಿ ಹೀಗೆ ಬಾಳಿತು.

ಬುಕ್ಕರಾಯನ ಕಟ್ಟಳೆಯ ಶಾಸನವು ಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ಇದೆ. ಬಿ. ಎಲ್. ರೈಸ್ ಅವರು ಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದರು. ಕಲ್ಯದ ಪಾಠವು ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಅಚ್ಚಾಯಿತು. ಬೆಳಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಮತ್ತೆ ಹೊರತಂದರು. ಮಾಗಡಿ ಎಂದೊಡನೆ ಕೆಂಪೇಗೌಡರನ್ನು ನೆನೆಯುವ ಜನರು, ಅದೇ ಸೀಮೆಯ ಈ ಸಂಘನಾಯಕನನ್ನೂ ನೆನೆಯುವುದು ನ್ಯಾಯ.

ಪರ್ವಕ್ಕೆ ಒಂದು ನಿಯಮ

ಸುಗಂಧ ದಶಮಿಯ ಕಥೆಯನ್ನು ಪ್ರತಿ ವರ್ಷವೂ ಕೇಳುವ ಶ್ರಾವಿಕೆಯರಿಗೆ ಬುಸುವಿಸೆಟ್ಟಿಯ ಚರಿತ್ರೆಯಲ್ಲಿ ಹೊಸತೇನೂ ತೋರಲಿಕ್ಕಿಲ್ಲ. ಮುನಿಗೆ ಕಹಿಯಾದ ಆಹಾರವನ್ನು ಇತ್ತ ಪಾಪದಿಂದ ಒಬ್ಬ ರಾಣಿಯು ಮುಂದಿನ ಭವದಲ್ಲಿ ದುರ್ಗಂಧ ದೇಹವನ್ನು ಪಡೆದಳು. ಎಲ್ಲರೂ ಅವಳಿಂದ ದೂರ ಸರಿಯುತ್ತಿದ್ದರು. ಅವಳು ತನ್ನ ದುರ್ಗಂಧವನ್ನು ಹಳಿದುಕೊಂಡ ಮಾತ್ರಕ್ಕೆ ಅದು ಹೋಗಲಿಲ್ಲ. ಮುನಿಗಳಿಂದ ಕಾರಣವನ್ನು ತಿಳಿದು, ವ್ರತವನ್ನು ಸ್ವೀಕರಿಸಿ, ವರ್ಷವರ್ಷವೂ ತಪ್ಪದೆ ಆಚರಿಸಿದಾಗ ಅವಳಿಗೆ ಸುಗಂಧವು ಪ್ರಾಪ್ತವಾಯಿತು. ಸುಗಂಧ ದಶಮಿಯ ವ್ರತವನ್ನು ಹತ್ತು ವರ್ಷಗಳ ಕಾಲ ಆಚರಿಸಿ ಉದ್ಯಾಪನೆ ಮಾಡುವ ವಿಧಿ ಇರುವುದು ಈ ಕಾರಣದಿಂದಲೇ. ಒಂದು ದಿವಸದ ಉತ್ಸಾಹಕ್ಕೆ ಫಲವಿಲ್ಲ, ನಿಯಮಕ್ಕೆ ಫಲ. ಕಲ್ಲೆಹದ ಶ್ರಾವಕನ ಮನೆಗೊಂದು ಹಣದ ಕಟ್ಟಳೆಯೂ ವರ್ಷವರ್ಷವೂ ಎಂಬ ಮಾತಿನ ಮೇಲೆಯೇ ನಿಂತಿದೆ.

ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರವೂ ಒಂದು. ಆಹಾರವನ್ನು ತ್ಯಜಿಸಿ ಇಡೀ ದಿವಸ ಸಮಾಜದ ಕೊರತೆಗಳನ್ನು, ಪಂಚಾಯತಿಯವರ ತಪ್ಪುಗಳನ್ನು, ನೆರೆಯವರ ನಡತೆಯನ್ನು ಆಡಿಕೊಂಡು ಕಳೆದರೆ ವ್ರತದ ಮೇಲಿನ ಆದರವು ಎಲ್ಲಿ ಉಳಿಯಿತು? ಹೊಟ್ಟೆಗೆ ಉಪವಾಸ, ನಾಲಿಗೆಗೆ ಪಾರಣೆ ಎಂಬಂತಾಗುತ್ತದೆ. ಸಂಯಮವೆಂದರೆ ಇಂದ್ರಿಯ ಸಂಯಮ ಮತ್ತು ಪ್ರಾಣಿ ಸಂಯಮ. ಇಂದ್ರಿಯಗಳಲ್ಲಿ ನಾಲಿಗೆಯು ರುಚಿಯಿಂದಲೂ ಕೆಡಿಸುತ್ತದೆ, ಮಾತಿನಿಂದಲೂ ಕೆಡಿಸುತ್ತದೆ. ಬುಸುವಿಸೆಟ್ಟಿಯ ಕಟ್ಟಳೆಯು ಶಿಲೆಗೇರಿದ್ದು ಉತ್ತಮ ಸಂಯಮದ ತಿಥಿಯಂದು ಎಂಬುದನ್ನು ಮನಸ್ಸಿನಲ್ಲಿಟ್ಟು, ಬರುವ ಪರ್ವದಲ್ಲಿ ಪ್ರತಿಯೊಂದು ಮನೆಯವರೂ ಒಂದು ಸಣ್ಣ ನಿಯಮವನ್ನು ಸ್ವೀಕರಿಸಬಹುದು. ಬಸದಿಯ ಯಾವ ಕೊರತೆಯನ್ನು ಕುರಿತು ಬಾಯಿತೆರೆದರೂ, ಅದಕ್ಕೆ ತಮ್ಮಿಂದಾಗುವ ಒಂದು ಕಾರ್ಯವನ್ನು ಮಾಡಿದ ಮೇಲೆಯೇ ತೆರೆಯತಕ್ಕದ್ದು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲಿನ ಗಿಡಗಳನ್ನು ಕೀಳಿಸುವುದು, ಶಾಸ್ತ್ರಭಂಡಾರದ ಓಲೆಗಳ ಧೂಳು ತೆಗೆಯುವುದು, ಗರ್ಭಗೃಹದ ದೀಪಕ್ಕೆ ವರ್ಷದ ಎಣ್ಣೆಯನ್ನು ಒಪ್ಪಿಸುವುದು, ಮನೆಗೊಂದು ಕಾಣಿಕೆಯನ್ನು ಭಾದ್ರಪದ ದಶಮಿಯಂದು ತಪ್ಪದೆ ಎತ್ತಿಡುವುದು, ಇವುಗಳಲ್ಲಿ ಯಾವುದೂ ಒಂದು ಸಂಸಾರಕ್ಕೆ ಮೀರಿದ ಭಾರವಲ್ಲ.

ಬೆಳಗೊಳಕ್ಕೆ ಯಾತ್ರೆ ಹೋಗುವವರು ವಿಂಧ್ಯಗಿರಿಯ ಮಹಾಮೂರ್ತಿಯ ದರ್ಶನವಾದ ಮೇಲೆ ಭಂಡಾರಿ ಬಸದಿಗೂ ಹೋಗಿ ಚತುರ್ವಿಂಶತಿ ತೀರ್ಥಂಕರರನ್ನು ವಂದಿಸುತ್ತಾರೆ. ಆ ಬಸದಿಯಲ್ಲಿರುವ ಬುಕ್ಕರಾಯನ ಶಾಸನದ ಮುಂದೆ ಒಂದು ಗಳಿಗೆ ನಿಂತು ಕಡೆಯ ಪಂಕ್ತಿಗಳ ಕಡೆಗೆ ಮಕ್ಕಳ ದೃಷ್ಟಿಯನ್ನು ಸೆಳೆಯುವುದು ಒಳ್ಳೆಯದು. ಹರ್ವಿಸೆಟ್ಟಿಯ ಮಗನ ಹೆಸರು ಅಲ್ಲಿ, ಆತನು ಮಾಡಿದ ಕಾರ್ಯದೊಡನೆ, ಆರುನೂರ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಉಳಿದಿದೆ.

ಭದ್ರಂ ಭೂಯಾತ್